ಆ ಲೈಬ್ರರಿಗಳು ಅಷ್ಟು ಚಂದ ಯಾಕೆ?

ಹೋದ ತಿಂಗಳು ಅಣ್ಣನ ಮಗಳು ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಪಿಯುಸಿ ಓದುತ್ತಾಳೆ. ಯಾರೋ ಗ್ರೂಪಿನಲ್ಲಿ ಹಾಕಿದ್ದ ಫೋಟೊಗಳನ್ನು ಒಂದೊಂದಾಗಿ ಸರಿಸಿ ತೋರಿಸಿದಳು. ಬಂಗಾರದ ಅಂಚಿನ ಬಿಳಿ ಕಪಾಟುಗಳು. ಚಿತ್ರ ಬರೆದ ಛಾವಣಿ. ಕಣ್ಣು ಹರಿಯುವಷ್ಟು ದೂರ ಪುಸ್ತಕಗಳ ಸಾಲು.

“ಕಾಕಾ, ಇದು ಅರಮನಿನೋ ಲೈಬ್ರರಿನೋ?” ಎಂದಳು.

ಲೈಬ್ರರಿ ಎಂದೆ.

“ಪುಸ್ತಕ ಇಡಾಕ ಇಷ್ಟೆಲ್ಲಾ ಯಾಕ ಬೇಕು?”

ಒಳ್ಳೆಯ ಪ್ರಶ್ನೆ. ನಮ್ಮ ಕಡೆ ಈಗ ಕೇಳಲೇಬೇಕಾದ ಪ್ರಶ್ನೆಯೂ ಹೌದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಆಗಿವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಹಳೆಯ ಕೋಣೆಗೆ ಹೊಸ ಬಣ್ಣ ಬಿದ್ದಿದೆ. ಗೋಡೆ ಮೇಲೆ ಚಿತ್ರ ಬಂದಿದೆ, ಹೊಸ ಕುರ್ಚಿ ಬಂದಿವೆ. ಕಪಾಟು ಎಲ್ಲಿಡಬೇಕು, ಕಿಟಕಿ ಯಾವ ಕಡೆ ಇರಬೇಕು ಎಂದು ಊರವರೇ ಮಾತಾಡುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಫೋಟೊದಲ್ಲಿ ಕಾಣುವ ಆ ಚಂದ ಎಲ್ಲಿಂದ ಬಂತು ಎಂದು ತಿಳಿದುಕೊಂಡರೆ ಉಪಯೋಗ ಇದೆ.

ಅದರಲ್ಲಿ ಶೋಕಿಗೆ ಮಾಡಿದ್ದೂ ಇದೆ, ಇಲ್ಲ ಎನ್ನಲಾರೆ. ರಾಜರಿಗೆ, ಮಠಾಧೀಶರಿಗೆ ತಮ್ಮ ಸಿರಿ ತೋರಿಸುವ ಆಸೆ ಇತ್ತು. ಆದರೆ ಅದರ ಬಹುಪಾಲು ಬಂದಿರುವುದು ಪುಸ್ತಕವನ್ನು ಬಿಸಿಲು, ತೇವ, ಹುಳ, ಬೆಂಕಿ, ಕಳ್ಳರಿಂದ ಕಾಯುವ ಕೆಲಸದಿಂದ. ಒಂದೊಂದನ್ನೇ ನೋಡೋಣ.

ಪುಸ್ತಕ ಎಂಬ ತಿನ್ನುವ ವಸ್ತು

ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಯಲ್ಲಿ ಒಂದು ಗೂಡು ಇತ್ತು. ಅಪ್ಪ ಅದರಲ್ಲಿ ನಾಲ್ಕೈದು ಪುಸ್ತಕ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಒಂದು ದಿನ ನಾನು ಅವನ್ನು ತೆಗೆದೆ. ಮೇಲಿನ ರಟ್ಟು ಹೊಸದರಂತೆ ಇತ್ತು. ಬೆನ್ನಿನ ಮೇಲಿನ ಅಕ್ಷರವೂ ಓದಲು ಬರುತ್ತಿತ್ತು. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ತೆರೆದು ನೋಡಿದರೆ ಒಳಗೆ ಕಾಗದ ಇರಲಿಲ್ಲ, ಬರೀ ಮಣ್ಣಿನ ಸುರಂಗ. ಗೆದ್ದಲು ಗೋಡೆಯೊಳಗಿಂದ ಬಂದು ರಟ್ಟು ಬಿಟ್ಟು ಒಳಗಿನದನ್ನೆಲ್ಲ ತಿಂದಿತ್ತು. ಒಂದು ಪುಟದ ಮೂಲೆ ಮಾತ್ರ ಉಳಿದಿತ್ತು. ಅದರಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ಹಾಕಿದ ಅಡ್ಡಗೆರೆ. ಆ ಚೂರನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಪುಸ್ತಕ ಎಂದರೆ ಹುಳದ ಲೆಕ್ಕದಲ್ಲಿ ಊಟ. ಕಾಗದ ಗಿಡ-ಮರದ ನಾರಿನಿಂದ ಆದದ್ದು. ಹಳೆಯ ಬೈಂಡಿಂಗ್‌ಗೆ ಹಿಟ್ಟಿನ ಅಂಟು ಹಾಕುತ್ತಿದ್ದರು. ಹೊದಿಕೆ ಚರ್ಮದ್ದು. ಮೂರೂ ಯಾರದಾದರೂ ಬಾಯಿಗೆ ರುಚಿಯೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಐನೂರು ವರ್ಷದ ಹಳೆಯ ಪುಸ್ತಕದ ಹಾಳೆ ಎಷ್ಟೋ ಸಲ ನಮ್ಮ ತಾತನ ಕಾಲದ ಪುಸ್ತಕಕ್ಕಿಂತ ಬೆಳ್ಳಗಿರುತ್ತದೆ. ಮೊದಲು ಕಾಗದವನ್ನು ಹತ್ತಿ, ನಾರಿನ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. 19ನೇ ಶತಮಾನದಲ್ಲಿ ಓದುವವರು ಜಾಸ್ತಿಯಾದರು, ಚಿಂದಿ ಸಾಲಲಿಲ್ಲ. ಮರವನ್ನು ಅರೆದು ಕಾಗದ ಮಾಡಲು ಶುರು ಮಾಡಿದರು. ಮರದಲ್ಲಿ ಲಿಗ್ನಿನ್ ಎಂಬ ಪದಾರ್ಥ ಇದೆ. ನಾರುಗಳನ್ನು ಹಿಡಿದಿಡುವ ಅಂಟು ಎಂದುಕೊಳ್ಳಿ. ಬೆಳಕು ಮತ್ತು ಗಾಳಿ ತಾಗಿದರೆ ಇದು ಹಳದಿಯಾಗುತ್ತದೆ. ಕಾಗದ ತಯಾರಿಸುವಾಗ ಸೇರುತ್ತಿದ್ದ ಆಮ್ಲ ನಾರನ್ನು ಒಳಗಿಂದಲೇ ಕಡಿಯುತ್ತದೆ. ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಬಿದ್ದ ಪೇಪರ್ ಹೇಗಾಗುತ್ತದೆ ನೋಡಿದ್ದೀರಲ್ಲ? ಕಪಾಟಿನಲ್ಲಿರುವ ಪುಸ್ತಕಕ್ಕೂ ಅದೇ ಆಗುತ್ತಿರುತ್ತದೆ, ನಿಧಾನವಾಗಿ ಅಷ್ಟೆ.

ಸರಪಳಿ ಬಿಚ್ಚಿದ ಮೇಲೆ ಸಭಾಂಗಣ ಬಂತು

ಫೋಟೊಗಳಲ್ಲಿ ಜಾಸ್ತಿ ಕಾಣುವುದು ಒಂದೇ ಮಾದರಿ. ಉದ್ದನೆಯ ಹಾಲು, ಎರಡೂ ಕಡೆ ಗೋಡೆ ತುಂಬ ಪುಸ್ತಕ, ನಡುವೆ ಖಾಲಿ ನೆಲ, ಮೇಲೆ ಚಿತ್ರದ ಛಾವಣಿ. ಈ ರೂಪ ಮೊದಲಿನಿಂದ ಇರಲಿಲ್ಲ.

ಅಚ್ಚು ಬರುವ ಮೊದಲು ಯುರೋಪಿನಲ್ಲಿ ಪುಸ್ತಕವನ್ನು ಕೈಯಿಂದ ಬರೆಯಬೇಕಿತ್ತು. ಒಂದು ದೊಡ್ಡ ಗ್ರಂಥಕ್ಕೆ ತಿಂಗಳುಗಟ್ಟಲೆ ಕೆಲಸ. ಅದನ್ನು ಬಂಗಾರದ ಹಾಗೆ ಕಾಯುತ್ತಿದ್ದರು, ನಿಜವಾಗಿ ಸರಪಳಿ ಹಾಕಿ. ಇಂಗ್ಲೆಂಡಿನ ಹೆರ್‌ಫರ್ಡ್ ಚರ್ಚಿನಲ್ಲಿ ಇವತ್ತಿಗೂ ಇಂಥ ಗ್ರಂಥಾಲಯ ಇದೆ. ಒಂದೊಂದು ಪುಸ್ತಕದ ರಟ್ಟಿಗೂ ಕಬ್ಬಿಣದ ಸರಪಳಿ, ಅದರ ಇನ್ನೊಂದು ತುದಿ ಕಪಾಟಿನ ಸರಳಿಗೆ. ಪುಸ್ತಕದ ಬೆನ್ನು ಒಳಗೆ, ಹಾಳೆಯ ಅಂಚು ಹೊರಗೆ ಇಟ್ಟಿದ್ದಾರೆ. ಸರಪಳಿ ರಟ್ಟಿನ ಮುಂದಿನ ಅಂಚಿಗೆ ಕಟ್ಟಿದ್ದರಿಂದ, ಹೊರತೆಗೆದು ಓದುವಾಗ ಅದು ಸಿಕ್ಕಾಗಬಾರದು ಎಂದು ಹಾಗೆ.

ಸರಪಳಿ ಗಿಡ್ಡ. ಹಾಗಾಗಿ ಪುಸ್ತಕವನ್ನು ಕಪಾಟಿನ ಹತ್ತಿರವೇ ಓದಬೇಕು. ದೀಪ ಹಚ್ಚುವಂತಿಲ್ಲ, ಅದಕ್ಕೆ ಕಿಟಕಿ ಬೇಕು. ಆದ್ದರಿಂದ ಕಪಾಟುಗಳನ್ನು ಗೋಡೆಗೆ ಅಡ್ಡಲಾಗಿ, ದನದ ಕೊಟ್ಟಿಗೆಯ ಅಂಕಣಗಳ ಹಾಗೆ ನಿಲ್ಲಿಸಿದರು. ಎರಡು ಕಪಾಟಿನ ನಡುವೆ ಒಂದು ಕಿಟಕಿ, ಕಿಟಕಿಯ ಬುಡದಲ್ಲಿ ಒಂದು ಬೆಂಚು. ಹಳೆಯ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಕಿಟಕಿ-ಕಪಾಟು-ಕಿಟಕಿ ಎಂಬ ಲಯ ಹೀಗೆ ಹುಟ್ಟಿದ್ದು.

15ನೇ ಶತಮಾನದ ನಡುವೆ ಅಚ್ಚು ಬಂತು. ಪುಸ್ತಕ ಅಗ್ಗವಾಯಿತು, ಸಂಖ್ಯೆ ಹೆಚ್ಚಾಯಿತು. ನಿಧಾನವಾಗಿ ಸರಪಳಿಗಳು ಹೋದವು. ಕಟ್ಟಿಹಾಕದ ಪುಸ್ತಕವನ್ನು ಎಲ್ಲಿಗಾದರೂ ಒಯ್ಯಬಹುದು, ಅಲ್ವಾ? ಹಾಗಾಗಿ ಕಪಾಟುಗಳು ಗೋಡೆಗೆ ಆತುಕೊಂಡವು. ಸ್ಪೇನಿನ ಎಲ್ ಎಸ್ಕೋರಿಯಲ್ ಅರಮನೆಯ ಗ್ರಂಥಾಲಯ 16ನೇ ಶತಮಾನದ ಕೊನೆಯಲ್ಲಿ ಹೀಗೆ ಮಾಡಿದ ಮೊದಲಿನವುಗಳಲ್ಲಿ ಒಂದು. ಕಪಾಟು ಬದಿಗೆ ಸರಿದ ಮೇಲೆ ನಡುವಿನ ನೆಲ ಖಾಲಿಯಾಯಿತು. ನೆಲ ಖಾಲಿಯಾದ ಮೇಲೆ ಛಾವಣಿ ಪೂರ್ತಿ ಕಂಡಿತು. ಕಂಡ ಛಾವಣಿಗೆ ಚಿತ್ರ ಬಂತು.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ‘ಲಾಂಗ್ ರೂಮ್’ ಫೋಟೊ ನೀವು ನೋಡಿರುತ್ತೀರಿ. ಸುಮಾರು 65 ಮೀಟರ್ ಉದ್ದದ, ಕಮಾನು ಛಾವಣಿಯ, ಕಪ್ಪು ಮರದ ಹಾಲು. 1732ರಲ್ಲಿ ಮುಗಿದಾಗ ಅದರ ಛಾವಣಿ ಚಪ್ಪಟೆ ಇತ್ತು. 1801ರಿಂದ ಬ್ರಿಟನ್, ಐರ್ಲೆಂಡಿನಲ್ಲಿ ಅಚ್ಚಾದ ಪುಸ್ತಕದ ಒಂದೊಂದು ಪ್ರತಿ ಪಡೆಯುವ ಹಕ್ಕು ಆ ಗ್ರಂಥಾಲಯಕ್ಕೆ ಸಿಕ್ಕಿತು. ಕಪಾಟು ತುಂಬಿಹೋದವು. 1860ರಲ್ಲಿ ಛಾವಣಿಯನ್ನು ಎತ್ತರಿಸಿ ಮೇಲೆ ಇನ್ನೊಂದು ಸಾಲು ಕಪಾಟು ಕೂರಿಸಿದರು. ಜಗತ್ತೇ ಮೆಚ್ಚುವ ಆ ಕಮಾನು ಬಂದದ್ದು ಜಾಗ ಸಾಲದೆ. ನನಗೆ ಈ ವಿಷಯ ತುಂಬ ಇಷ್ಟ.

ಬೆಳಕು ಬೇಕು, ಬಿಸಿಲು ಬೇಡ

ಗ್ರಂಥಾಲಯ ಕಟ್ಟುವವರ ದೊಡ್ಡ ತಲೆನೋವು ಇದು. ಓದುವ ಕಣ್ಣಿಗೆ ಬೆಳಕು ಬೇಕೇ ಬೇಕು. ಅದೇ ಬೆಳಕು ಪುಸ್ತಕವನ್ನು ಸುಡುತ್ತದೆ.

ನಮ್ಮ ಹತ್ತಿರದ ಒಂದು ಹಳ್ಳಿಯ ಓದುಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಕಿಟಕಿಯ ಎದುರಿನ ಕಪಾಟಿನಲ್ಲಿ ಒಂದೇ ಮಾಲೆಯ ಹತ್ತು ಪುಸ್ತಕ ಇದ್ದವು. ಬೆನ್ನೆಲ್ಲ ತಿಳಿ ಗುಲಾಬಿ. ಗುಲಾಬಿ ಬಣ್ಣದ ಪುಸ್ತಕ ಎಂದುಕೊಂಡು ಒಂದನ್ನು ಎಳೆದೆ. ರಟ್ಟಿನ ಎರಡೂ ಬದಿ ಕುಂಕುಮದಂತೆ ಕೆಂಪು! ಬಿಸಿಲು ಕಂಡ ಎರಡು ಬೆರಳಗಲದ ಬೆನ್ನು ಮಾತ್ರ ಬಣ್ಣ ಕಳೆದುಕೊಂಡಿತ್ತು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಬಣ್ಣದ ಕಣಗಳನ್ನು, ಕಾಗದದ ನಾರನ್ನು ಒಡೆಯುವುದರಲ್ಲಿ ಅವುಗಳ ಪಾಲು ದೊಡ್ಡದು.

ಇದಕ್ಕೆ ಜಗತ್ತಿನ ಜನ ಕಂಡುಕೊಂಡ ದಾರಿಗಳೇ ನಮಗೆ ಇವತ್ತು ಚಂದವಾಗಿ ಕಾಣುವುದು.

ಒಂದು ದಾರಿ, ಬಂದ ಬೆಳಕನ್ನೇ ಹರಡುವುದು. ಆಸ್ಟ್ರಿಯಾದ ಆಡ್ಮಾಂಟ್ ಮಠದ ಗ್ರಂಥಾಲಯ 1776ರಲ್ಲಿ ಮುಗಿಯಿತು. 70 ಮೀಟರ್ ಉದ್ದ, 48 ಕಿಟಕಿ. ಕಪಾಟಿಗೆ ಬಿಳಿ ಬಣ್ಣ, ಅಂಚಿಗೆ ಬಂಗಾರ, ಮೇಲೆ ಏಳು ಚಿಕ್ಕ ಗುಮ್ಮಟಗಳಲ್ಲಿ ಚಿತ್ರ. ಬಿಳಿ ಬಣ್ಣಕ್ಕೆ ಬಡಿದ ಬೆಳಕು ಇಡೀ ಹಾಲಿಗೆ ಚದುರುತ್ತದೆ. ಸುಣ್ಣ ಬಳಿದ ಮನೆ ಯಾಕೆ ಬೆಳ್ಳಗೆ ತೆರೆದಂತೆ ಕಾಣುತ್ತದೋ ಅದೇ ಕಾರಣ.

ಎರಡನೆಯದು, ಬೆಳಕನ್ನು ಮೇಲಿನಿಂದ ಇಳಿಸುವುದು. ಗೋಡೆಯನ್ನೆಲ್ಲ ಪುಸ್ತಕ ಆಕ್ರಮಿಸಿದರೆ ಕಿಟಕಿಗೆ ಜಾಗ ಎಲ್ಲಿ? ನಮ್ಮ ಮಾಳಿಗೆ ಮನೆಗಳಲ್ಲಿ ಇದಕ್ಕೆ ಉತ್ತರ ಇದೆ, ಬೆಳಕಿಂಡಿ. ದಪ್ಪ ಮಣ್ಣಿನ ಛಾವಣಿಯಲ್ಲಿ ಒಂದು ತೂತು. ಅದರಿಂದ ಇಳಿದ ಬೆಳಕಿನ ಕೋಲು ಮುಂಜಾನೆ ಒಲೆಯ ಹತ್ತಿರ, ಮಧ್ಯಾಹ್ನ ಪಡಸಾಲೆಯ ನಡುವೆ. ಅಜ್ಜಿ ಅದನ್ನು ನೋಡಿ ಹೊತ್ತು ಹೇಳುತ್ತಿದ್ದಳು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ 1868ರಲ್ಲಿ ತೆರೆದ ಓದುಕೋಣೆಗೆ ಒಂಬತ್ತು ಗುಮ್ಮಟ, ಒಂದೊಂದರ ನೆತ್ತಿಯಲ್ಲೂ ಒಂದು ಬೆಳಕಿಂಡಿ. ಅದನ್ನು ಕಟ್ಟಿದ ಲಾಬ್ರೂಸ್ತ್ ಎಂಬ ಶಿಲ್ಪಿ ಕಬ್ಬಿಣದ ಸಣ್ಣ ಕಂಬ ಬಳಸಿದ. ಕಲ್ಲಿನ ಕಂಬವಾಗಿದ್ದರೆ ದಪ್ಪ ಇರಬೇಕು, ನೆರಳು ಬೀಳುತ್ತದೆ. ಕಬ್ಬಿಣದ್ದು ಕೋಲಿನಷ್ಟು ಸಾಕು. ಬ್ರೆಜಿಲ್‌ನ ರಿಯೊ ನಗರದಲ್ಲಿ 1887ರಲ್ಲಿ ತೆರೆದ ಪೋರ್ಚುಗೀಸ್ ಓದುಮನೆಗೂ ಮೇಲೆ ಬಣ್ಣದ ಗಾಜಿನ ಛಾವಣಿ. ಕೆಳಗೆ ಮೂರಂತಸ್ತು ಕಪ್ಪು ಮರದ ಕಪಾಟು.

ಮೂರನೆಯದು, ಉತ್ತರದ ಬೆಳಕು. ಯುರೋಪು, ಅಮೆರಿಕದಂಥ ಕಡೆ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ಬಾಗಿಯೇ ಹೋಗುತ್ತಾನೆ. ಹಾಗಾಗಿ ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಬರುವುದು ತೀರ ಕಮ್ಮಿ, ತಂಪಾದ ಒಂದೇ ಸಮನೆ ಬೆಳಕು ಬರುತ್ತದೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 2002ರಲ್ಲಿ ತೆರೆದ ಹೊಸ ಗ್ರಂಥಾಲಯದ ಛಾವಣಿ ಓರೆಯಾಗಿ ಮಲಗಿಸಿದ ದೊಡ್ಡ ತಟ್ಟೆಯಂತಿದೆ. ಅಡ್ಡಳತೆ 160 ಮೀಟರ್. ಅದರ ಗಾಜುಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಮಾತಿದೆ. ವಿಜಯಪುರ ಕರ್ಕಾಟಕ ವೃತ್ತಕ್ಕಿಂತ ಕೆಳಗಿದೆ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಆಗಸ್ಟ್ ಮೊದಲ ವಾರದವರೆಗೆ ಅಲ್ಲೇ ಇರುತ್ತಾನೆ. ಅಂದರೆ ನಮ್ಮಲ್ಲಿ ಉತ್ತರದ ಕಿಟಕಿಗೂ ಒಂದು ಸಣ್ಣ ಸಜ್ಜೆ ಬೇಕು. ಪಡುವಣ ಕಿಟಕಿಯಂತೂ ಪುಸ್ತಕಕ್ಕೆ ಬೇಡವೇ ಬೇಡ. ನಾಲ್ಕು ಗಂಟೆಯ ಬಿಸಿಲು ಸೀದಾ ಒಳಗೆ ಬಂದು ಕಪಾಟಿಗೆ ಬಡಿಯುತ್ತದೆ.

ನಾಲ್ಕನೆಯ ದಾರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆರಗಿನದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ತೆರೆದ ಬೈನೆಕೆ ಗ್ರಂಥಾಲಯಕ್ಕೆ ಕಿಟಕಿಯೇ ಇಲ್ಲ. ಗೋಡೆಗೆ ಗಾಜಿನ ಬದಲು ತೆಳ್ಳಗೆ ಕೊಯ್ದ ಅಮೃತಶಿಲೆ ಹಾಕಿದ್ದಾರೆ. ದಪ್ಪ ಸುಮಾರು ಮೂರು ಸೆಂಟಿಮೀಟರ್. ಹೊರಗೆ ಸುಡುಬಿಸಿಲು ಇದ್ದರೂ ಒಳಗೆ ಜೇನಿನ ಬಣ್ಣದ ಮಂದ ಬೆಳಕು. ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳು ಕೆಂಪಗೆ ಬೆಳಗುತ್ತದಲ್ಲ, ಹಾಗೆ ಕಲ್ಲು ಬೆಳಗುತ್ತದೆ. ನಡುವೆ ಗಾಜಿನ ಗೋಪುರದಲ್ಲಿ ಹಳೆಯ ಪುಸ್ತಕಗಳು.

ತೇವ: ಹಗೇವಿನ ಪಾಠ

ಜೋಳ ತುಂಬಿದ ಹಗೇವನ್ನು ಮುಚ್ಚುವಾಗ ಹಿರಿಯರು ಏನು ನೋಡುತ್ತಿದ್ದರು? ಕಾಳು ಒಣಗಿದೆಯೇ, ಕೆಳಗೆ ತೇವ ಇದೆಯೇ, ನೀರು ಇಳಿಯುತ್ತದೆಯೇ. ಪುಸ್ತಕಕ್ಕೂ ಅಷ್ಟೇ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತದೆ. ತೀರ ಕಮ್ಮಿಯಾದರೆ ಚರ್ಮ ಬಿರಿಯುತ್ತದೆ. ಒಂದೇ ದಿನದಲ್ಲಿ ಹೆಚ್ಚು-ಕಮ್ಮಿ ಆಗುತ್ತಿದ್ದರೆ ಇನ್ನೂ ಕೆಟ್ಟದ್ದು. ಕಾಗದ ಹಿಗ್ಗಿ ಕುಗ್ಗಿ ಸೋಲುತ್ತದೆ.

ಕೊರಿಯಾದ ಹೇಇನ್ಸಾ ಎಂಬ ಬೌದ್ಧ ವಿಹಾರದಲ್ಲಿ ಧರ್ಮಗ್ರಂಥಗಳನ್ನು ಅಚ್ಚು ಮಾಡಲು ಕೆತ್ತಿದ 81 ಸಾವಿರಕ್ಕೂ ಹೆಚ್ಚು ಮರದ ಹಲಗೆಗಳಿವೆ. 13ನೇ ಶತಮಾನದವು. ಅವುಗಳನ್ನು ಇಟ್ಟಿರುವ ಕಟ್ಟಡ 15ನೇ ಶತಮಾನದ್ದು. ಯಾವ ಯಂತ್ರವೂ ಇಲ್ಲದೆ ಹಲಗೆಗಳು ಇವತ್ತಿಗೂ ಗಟ್ಟಿಯಾಗಿವೆ. ಗುಟ್ಟು ಕಿಟಕಿಯಲ್ಲಿದೆ. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂದಿನ ಗೋಡೆಯಲ್ಲಿ ಉಲ್ಟಾ. ಒಳಗೆ ಬಂದ ಗಾಳಿ ಸೀದಾ ಹೊರಗೆ ಹೋಗಲು ಆಗದೆ, ಎಲ್ಲ ಕಪಾಟುಗಳ ನಡುವೆ ಸುತ್ತಾಡಿ ಮೇಲಕ್ಕೆ ಏರಿ ಹೋಗುತ್ತದೆ. ನೆಲಕ್ಕೆ ಇದ್ದಿಲು, ಉಪ್ಪು, ಸುಣ್ಣ, ಮರಳು, ಜೇಡಿಮಣ್ಣು ಹಾಕಿ ಧುಮ್ಮಸ್ ಮಾಡಿದ್ದಾರೆ. ಮಳೆಗಾಲದಲ್ಲಿ ಅದು ತೇವ ಹೀರುತ್ತದೆ, ಒಣಗಾಲದಲ್ಲಿ ಬಿಡುತ್ತದೆ. 1970ರ ದಶಕದಲ್ಲಿ ಹಲಗೆಗಳಿಗೆಂದು ಹೊಸ ಕಾಂಕ್ರೀಟ್ ಕಟ್ಟಡ ಕಟ್ಟಿದರು. ಪರೀಕ್ಷೆಗೆ ಇಟ್ಟ ಕೆಲವು ಹಲಗೆಗೆ ಬೂಷ್ಟು ಬಂತು. ಉಳಿದವನ್ನು ಹಳೆಯ ಮನೆಯಲ್ಲೇ ಬಿಟ್ಟರು.

ಪ್ರಾಗ್‌ನ ಸ್ಟ್ರಾಹೋವ್ ಮಠದ ಗ್ರಂಥಾಲಯಕ್ಕೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ಬಾಗಿಲಲ್ಲೇ ನಿಂತು ನೋಡಬೇಕು. ಜನರ ಉಸಿರಿನ ತೇವ ಛಾವಣಿಯ ಚಿತ್ರಗಳನ್ನು ಕೆಡಿಸುತ್ತದೆ ಎಂದು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನಲ್ಲಿ ಒಳಗೆ ಬಿಡುತ್ತಾರೆ, ಆದರೆ ಚಪ್ಪಲಿಯ ಮೇಲೆ ಮೆತ್ತನೆ ಉಣ್ಣೆಯ ದೊಡ್ಡ ಚಪ್ಪಲಿ ಹಾಕಿಕೊಳ್ಳಬೇಕು. ಮರದ ಕುಸುರಿಯ ನೆಲಕ್ಕೆ ಗೀರು ಬೀಳಬಾರದಲ್ಲ. ಅದರ ಬಾಗಿಲ ಮೇಲೆ ಗ್ರೀಕ್ ಭಾಷೆಯಲ್ಲಿ ‘ಆತ್ಮದ ಆಸ್ಪತ್ರೆ’ ಎಂಬ ಅರ್ಥದ ಮಾತು ಬರೆದಿದೆ.

ಬಾವಲಿಗಳ ನೌಕರಿ, ಕೊಳದ ಕಾವಲು

ನಮ್ಮ ಮನೆಗಳಲ್ಲಿ ಇಳಕಲ್ ಸೀರೆಯ ಟ್ರಂಕಿಗೆ ಡಾಂಬರು ಗುಳಿಗೆ ಹಾಕುತ್ತೇವೆ. ಕಾಳಿಗೆ ಬೇವಿನ ಸೊಪ್ಪು. ಪೋರ್ಚುಗಲ್‌ನ ಕೊಯಿಂಬ್ರಾ ವಿಶ್ವವಿದ್ಯಾಲಯದ ಜೊವಾನಿನಾ ಗ್ರಂಥಾಲಯದಲ್ಲಿ ಆ ಕೆಲಸವನ್ನು ಬಾವಲಿಗಳು ಮಾಡುತ್ತವೆ. 1728ರಲ್ಲಿ ಮುಗಿದ ಕಟ್ಟಡ ಅದು. ಒಳಗೆಲ್ಲ ಬಂಗಾರದ ಕುಸುರಿ. ಗೋಡೆ ಎರಡು ಮೀಟರಿಗಿಂತ ದಪ್ಪ, ಬಾಗಿಲು ತೇಗದ್ದು. ಬಿಸಿಲಾಗಲಿ ಚಳಿಯಾಗಲಿ ಒಳಗಿನ ಹವೆ ಒಂದೇ ಸಮ. ಚಿಕ್ಕ ಬಾವಲಿಗಳ ಒಂದು ಗುಂಪು ಕಪಾಟುಗಳ ಹಿಂದೆ ವಾಸ ಮಾಡುತ್ತದೆ. ರಾತ್ರಿ ಹೊರಬಂದು ಕಾಗದ ತಿನ್ನುವ ಹುಳಗಳನ್ನು ಹಿಡಿದು ತಿನ್ನುತ್ತದೆ. ಸಿಬ್ಬಂದಿ ಸಂಜೆ ಮನೆಗೆ ಹೋಗುವಾಗ ಹಳೆಯ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ. ಬೆಳಿಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ಅದೇ ದೇಶದ ಮಾಫ್ರಾ ಅರಮನೆಯ ಗ್ರಂಥಾಲಯದಲ್ಲೂ ಇದೇ ವ್ಯವಸ್ಥೆ.

ಯೇಲ್‌ನಲ್ಲಿ 1977ರಲ್ಲಿ ಹುಳ ಬಿದ್ದಾಗ ಬೇರೆ ಉಪಾಯ ಮಾಡಿದರು. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಮೈನಸ್ 36 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದರು. ಹುಳ, ಮೊಟ್ಟೆ ಎರಡೂ ಸತ್ತವು, ಪುಸ್ತಕಕ್ಕೆ ಏನೂ ಆಗಲಿಲ್ಲ. ವಿಷದ ಹೊಗೆ ಹಾಕುವುದಕ್ಕಿಂತ ಇದು ವಾಸಿ ಎಂದು ಎಷ್ಟೋ ಗ್ರಂಥಾಲಯಗಳು ಈ ದಾರಿ ಹಿಡಿದವು.

ಇನ್ನು ಬೆಂಕಿ. ಚೀನಾದ ನಿಂಗ್ಬೊ ನಗರದಲ್ಲಿ ಫಾನ್ ಚಿನ್ ಎಂಬ ಅಧಿಕಾರಿ 16ನೇ ಶತಮಾನದಲ್ಲಿ ಕಟ್ಟಿದ ತಿಯಾನ್ಯಿ ಎಂಬ ಖಾಸಗಿ ಗ್ರಂಥಾಲಯ ಇದೆ. ಅದರ ಮುಂದೆ ಬಂಡೆ, ಗಿಡ, ಕೊಳ. ಉದ್ಯಾನ ಎಂದುಕೊಳ್ಳುತ್ತೇವೆ. ಆ ಕೊಳ ಇರುವುದು ಬೆಂಕಿ ಬಿದ್ದರೆ ನೀರು ಕೈಗೆ ಸಿಗಲಿ ಎಂದು. ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯಕ್ಕೆ ಸೇರುವ ಓದುಗರು ಒಳಗೆ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಎಂದು ಇವತ್ತಿಗೂ ಮಾತು ಕೊಡಬೇಕು. ಹಾಗಾಗಿ ಹಳೆಯ ಕಾಲದಲ್ಲಿ ಸೂರ್ಯ ಮುಳುಗಿದರೆ ಓದು ಮುಗಿದಂತೆಯೇ. 2019ರಲ್ಲಿ ಪ್ಯಾರಿಸ್‌ನ ನೋತ್ರದಾಮ್ ಚರ್ಚು ಹೊತ್ತಿ ಉರಿದದ್ದು ಡಬ್ಲಿನ್‌ನವರಿಗೂ ಎಚ್ಚರಿಕೆ ಆಯಿತು. 2022ರಿಂದ ಲಾಂಗ್ ರೂಮಿನ ಸುಮಾರು ಎರಡು ಲಕ್ಷ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಧೂಳು ತೆಗೆದು, ಬೇರೆ ಕಡೆ ಸಾಗಿಸುವ ಕೆಲಸ ಶುರುವಾಯಿತು.

ಗೋಳಗುಮ್ಮಟದಲ್ಲಿ ಓದಲು ಆಗುತ್ತದೆಯೇ?

ಗುಮ್ಮಟ ಎಂದರೆ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಲಂಡನ್‌ನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 1857ರಲ್ಲಿ ತೆರೆದ ದುಂಡನೆಯ ಓದುಕೋಣೆಯ ಗುಮ್ಮಟ 42 ಮೀಟರಿಗಿಂತ ಸ್ವಲ್ಪ ಜಾಸ್ತಿ. ಹೆಚ್ಚು-ಕಮ್ಮಿ ಅಣ್ಣ-ತಮ್ಮ. ನಮ್ಮಲ್ಲಿ ಮೇಲಿನ ಸುತ್ತಿನಲ್ಲಿ ನಿಂತು ಪಿಸುಗುಟ್ಟಿದರೆ ಎದುರು ಗೋಡೆಯಲ್ಲಿ ನಿಂತವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳೆಂಟು ಸಲ ವಾಪಸ್ ಬರುತ್ತದೆ. ಹಾಗಾದರೆ ಅಲ್ಲಿ ಓದುವುದು ಹೇಗೆ?

ಗಟ್ಟಿಯಾದ, ನುಣ್ಣಗಿನ ಗೋಡೆಗೆ ಬಡಿದ ದನಿ ಚೆಂಡಿನಂತೆ ಪುಟಿದು ಬರುತ್ತದೆ. ಗೋಳಗುಮ್ಮಟದ ಒಳಗೆ ಗಾರೆ ಬಿಟ್ಟು ಬೇರೇನೂ ಇಲ್ಲ. ಗ್ರಂಥಾಲಯದಲ್ಲಿ ಸುತ್ತಲೂ ಪುಸ್ತಕ. ಒಂದು ಉದ್ದ, ಒಂದು ಗಿಡ್ಡ, ಒಂದು ಮುಂದೆ, ಒಂದು ಹಿಂದೆ. ಈ ಏರುಪೇರು ದನಿಯನ್ನು ಚೂರು ಚೂರು ಮಾಡುತ್ತದೆ. ಕಾಗದ, ಬಟ್ಟೆ, ಮರ ಅದನ್ನು ಸ್ವಲ್ಪ ನುಂಗುತ್ತವೆ. ಹೊಸ ಮನೆಗೆ ಸಾಮಾನು ತರುವ ಮೊದಲು ಮಾತು ಮೊಳಗುತ್ತದೆ, ಹಾಸಿಗೆ-ಕಪಾಟು ಬಂದ ಮೇಲೆ ನಿಲ್ಲುತ್ತದೆ. ಅದೇ ಇದು. ಲಂಡನ್ನಿನ ಆ ಗುಮ್ಮಟದ ಒಳಮೈಯನ್ನು ಕಾಗದದ ರದ್ದಿಯಿಂದ ಮಾಡಿದ್ದಾರೆ! ನಮ್ಮ ಅಜ್ಜಿಯರು ಹಳೆಯ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ಕುಟ್ಟಿ ಬುಟ್ಟಿ ಮಾಡುತ್ತಿದ್ದರಲ್ಲ, ಹೆಚ್ಚು-ಕಮ್ಮಿ ಅದೇ ವಿದ್ಯೆ.

ಓದುವವರಿಗೆ ಅಲ್ಲಿ ಯಾಕೆ ಹಿತ?

ಅರಳಿಕಟ್ಟೆಯ ಮೇಲೆ ಕೂರುವಾಗ ನಾವು ಎಲ್ಲಿ ಕೂರುತ್ತೇವೆ? ಬೆನ್ನು ಮರದ ಬೊಡ್ಡೆಗೆ, ಮುಖ ಬಯಲಿಗೆ. ಮನುಷ್ಯರಿಗೆ ಬೆನ್ನಿಗೆ ಆಸರೆ, ಮುಂದೆ ದೂರದ ನೋಟ ಇರುವ ಜಾಗ ಹಿತ ಎಂದು ಜೇ ಆಪಲ್‌ಟನ್ ಎಂಬ ಬ್ರಿಟಿಷ್ ಭೂಗೋಳ ವಿದ್ವಾಂಸ 1975ರಲ್ಲಿ ವಾದ ಮಂಡಿಸಿದ. ಕಪಾಟುಗಳ ನಡುವಿನ ಕಿಟಕಿ ಬೆಂಚು, ಅದರ ಮುಂದೆ ತೆರೆದ ಎತ್ತರದ ಹಾಲು, ಈ ಎರಡೂ ಸೇರಿದರೆ ಅರಳಿಕಟ್ಟೆಯೇ. ಹತ್ತಿರದ ಅಕ್ಷರ ನೋಡಿ ದಣಿದ ಕಣ್ಣು ತಲೆ ಎತ್ತಿ ದೂರ ನೋಡಿದರೆ ಅದರ ಸ್ನಾಯುಗಳು ಸಡಿಲಾಗುತ್ತವೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ದೊಡ್ಡ ಓದುಕೋಣೆ ಸುಮಾರು 90 ಮೀಟರ್ ಉದ್ದ, 16 ಮೀಟರ್ ಎತ್ತರ. ಅಲ್ಲಿ ತಲೆ ಎತ್ತಿದರೆ ಮೋಡದ ಚಿತ್ರ.

ಅಷ್ಟು ದೊಡ್ಡ ಕೋಣೆಯಲ್ಲಿ ಕೂರಲು ದುಡ್ಡು ಕೊಡಬೇಕಿಲ್ಲ ಎಂಬುದೂ ದೊಡ್ಡ ಹಿತ. ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದ ಬಾಗಿಲ ಮೇಲೆ ‘ಎಲ್ಲರಿಗೂ ಉಚಿತ’ ಎಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದನ್ನು ಬೇರೆ ರೀತಿ ಮಾಡಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಊರಿನ ಓದುಮನೆಗೆ ನಾವೇ ದುಡ್ಡು ಕೊಟ್ಟಿದ್ದೇವೆ.

ಚಂದದ ಬಗ್ಗೆ ಒಂದು ಎಚ್ಚರ. ಚೀನಾದ ತಿಯಾನ್‌ಜಿನ್‌ನಲ್ಲಿ 2017ರಲ್ಲಿ ತೆರೆದ ಬಿನ್‌ಹಾಯ್ ಗ್ರಂಥಾಲಯದ ಫೋಟೊ ತುಂಬ ಓಡಾಡಿತು. ಅಲೆಯಂತೆ ಏರುವ ಬಿಳಿ ಮೆಟ್ಟಿಲು-ಕಪಾಟು. ಅದರ ಮೇಲಿನ ಸಾಲುಗಳಲ್ಲಿ ಇರುವುದು ಪುಸ್ತಕದ ಚಿತ್ರ ಅಚ್ಚು ಮಾಡಿದ ತಗಡು. ಅಲ್ಲಿಗೆ ಕೈ ಹೋಗುವ ದಾರಿಯನ್ನು ಕಟ್ಟುವಾಗ ಕೈಬಿಟ್ಟರು. ಫೋಟೊಗೆ ಅದು ಸಾಕು. ಪುಸ್ತಕಪ್ರೇಮಿಗೆ ಕೈಗೆ ಸಿಗುವ ಪುಸ್ತಕ ಬೇಕು.

ನಮ್ಮ ಕಡೆಯ ಕಥೆ

ಇಂಡಿ ತಾಲೂಕಿನ ಸಾಲೋಟಗಿಗೆ ಹೋದವರು ಆ ಊರ ಶಾಸನದ ಬಗ್ಗೆ ಕೇಳಿರುತ್ತಾರೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ಅಲ್ಲಿ ದೊಡ್ಡ ವಿದ್ಯಾಶಾಲೆ ಇತ್ತು. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ ಜಮೀನು ಬಿಟ್ಟುಕೊಟ್ಟಿದ್ದರು. ಓದಿಗೆ ಬೆಳಕು ಬೇಕು ಎಂಬ ಲೆಕ್ಕವನ್ನು ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಬರೆದಿಟ್ಟ ಊರು ನಮ್ಮದು. ಪಕ್ಕದ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ ಮಾತು ಬರುತ್ತದೆ. ಸರಸ್ವತೀ ಭಂಡಾರ ಎಂದರೆ ಗ್ರಂಥಾಲಯ. ಎಷ್ಟು ಚಂದದ ಹೆಸರು.

ವಿಜಯಪುರದ ಅಸಾರ್ ಮಹಲ್ ಮುಂದೆ ಸಂಜೆ ಹೋಗಿ ನಿಲ್ಲಿ. ಎತ್ತರದ ಮರದ ಕಂಬಗಳು, ತೆರೆದ ಮುಂಭಾಗ, ಎದುರಿಗೆ ಚೌಕದ ಕೊಳ. ಮೊಹಮ್ಮದ್ ಆದಿಲ್ ಶಾಹ 1646ರ ಸುಮಾರಿಗೆ ನ್ಯಾಯಮಂದಿರವಾಗಿ ಕಟ್ಟಿಸಿದ್ದು. ಆದಿಲ್ ಶಾಹಿ ಅರಸರ ಗ್ರಂಥಭಂಡಾರದಲ್ಲಿ ಅಳಿದುಳಿದದ್ದು ಕೊನೆಗೆ ಈ ಮಹಲಿನಲ್ಲಿತ್ತು. 1853ರ ಹೊತ್ತಿಗೆ ಬ್ರಿಟಿಷರು ಆ ನೂರಾರು ಅರಬಿ, ಫಾರ್ಸಿ ಹಸ್ತಪ್ರತಿಗಳನ್ನು ಲಂಡನ್‌ಗೆ ಸಾಗಿಸಿದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೊಳ ಇಲ್ಲೇ ಇದೆ, ಪುಸ್ತಕ ಅಲ್ಲಿವೆ. ಆ ಮೆಟ್ಟಿಲ ಮೇಲೆ ನಿಂತಾಗಲೆಲ್ಲ ನನಗೆ ಹೊಟ್ಟೆ ಚುರ್ ಎನ್ನುತ್ತದೆ.

ಅದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಇದ್ದರು. ವಕೀಲರು. ಊರೂರು ತಿರುಗಿ ಮನೆ-ಮಠಗಳ ತಾಡೋಲೆಗಳನ್ನು ಹುಡುಕಿ ವಚನಗಳನ್ನು ಕೂಡಿಸಿದರು. ಅಚ್ಚು ಹಾಕಲು ಸ್ವಂತ ಮನೆ ಮಾರಿ ಮುದ್ರಣಾಲಯ ತೆಗೆದರು. ತಾಡೋಲೆಯನ್ನು ಕಾಯುವುದೂ ಒಂದು ವಿದ್ಯೆ. ಮೊನೆಯಿಂದ ಗೀರಿದ ಅಕ್ಷರಕ್ಕೆ ಕಾಡಿಗೆ ಸವರಿ ಒರೆಸಿದರೆ ಬರಹ ಕಪ್ಪಾಗಿ ಎದ್ದು ಕಾಣುತ್ತದೆ. ಗರಿ ಒಣಗಿ ಮುರಿಯದಂತೆ, ಹುಳ ಬರದಂತೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚುತ್ತಾರೆ. ಆಮೇಲೆ ಎರಡು ಹಲಗೆಯ ನಡುವೆ ಕಟ್ಟಿ ಬಟ್ಟೆ ಸುತ್ತುತ್ತಾರೆ. ಒಂದು ಕಟ್ಟಿಗೆ ಅದೇ ಗ್ರಂಥಾಲಯ. ಗೋಡೆ, ಛಾವಣಿ, ಕಾವಲು ಎಲ್ಲ ಅದರಲ್ಲೇ.

ಅಣ್ಣನ ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಎರಡು ಸಂಜೆ ಹಿಡಿಯಿತು. ಮರುದಿನ ಅವಳೇ ನನ್ನನ್ನು ಊರಿನ ಅರಿವು ಕೇಂದ್ರಕ್ಕೆ ಕರೆದೊಯ್ದಳು. ಒಂದೇ ಕೋಣೆ. ಕಿಟಕಿ ಪಡುವಣಕ್ಕೆ, ಕಪಾಟು ಅದರ ಎದುರಿಗೆ, ಗೋಡೆಗೆ ಅಂಟಿಸಿ ಇಟ್ಟದ್ದು. ಅವಳು ಕಪಾಟಿನ ಹಿಂದೆ ಕೈ ಹಾಕಿ ಗೋಡೆ ಮುಟ್ಟಿ ನೋಡಿದಳು. “ಕಾಕಾ, ತಣ್ಣಗದ,” ಎಂದಳು. ಮೇಲ್ವಿಚಾರಕರನ್ನು ಕೇಳಿ ನಾಲ್ಕು ಹುಡುಗರನ್ನು ಕರೆದಳು. ಪುಸ್ತಕ ಇಳಿಸಿದರು. ಕಪಾಟನ್ನು ಕಿಟಕಿ ಇರುವ ಗೋಡೆಯ ಮೂಲೆಗೆ, ಬಿಸಿಲು ತಾಗದ ಕಡೆ ಸರಿಸಿದರು. ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟರು. ಗೋಡೆಗೂ ಕಪಾಟಿಗೂ ನಡುವೆ ಗಾಳಿ ಆಡಲು ಒಂದು ಗೇಣು ಬಿಟ್ಟರು. ಓದುವವರಿಗೆ ಬೇಕಾದಷ್ಟು ಬೆಳಕು ಇರುವ ಜಾಗದಲ್ಲಿ ಈಗ ಬೆಂಚು ಇದೆ. ನಾಲ್ಕು ಗಂಟೆಗೆ ಬಿಸಿಲು ಬಂದಾಗ ಎಳೆಯಲು ಒಂದು ಪರದೆ ಹೊಲಿಯಬೇಕು, ಅದಕ್ಕೆ ಅತ್ತಿಗೆ ಹಳೆಯ ಕಾಟನ್ ಸೀರೆ ಕೊಡುತ್ತೇನೆ ಎಂದಿದ್ದಾರೆ.